ಕೀನ್ಯಾದ ಮನೆಯಲ್ಲಿ ರಾಗಿ ಮುದ್ದೆ

ಮಾನ್ಯರೇ,

ಆಫ್ರಿಕಾ ಪ್ರವಾಸವೆಂದರೆ ಮಸಾಯಿ ಮಾರಾದ ಸಿಂಹಗಳಷ್ಟೇ ಎಂಬಂತೆ ಲೇಖನಗಳು ಬರುತ್ತಿರುವುದರಿಂದ ಈ ಪತ್ರ. ಪಶ್ಚಿಮ ಕೀನ್ಯಾದ ಕಿಸಿಯಲ್ಲಿ ನಾನು ಮೂರು ತಿಂಗಳು ಒಂದು ಕುಟುಂಬದೊಡನೆ ತಂಗಿದ್ದೆ. ಮೊದಲ ರಾತ್ರಿ ಮನೆಯ ಮಗಳು ಹೂಜಿಯಿಂದ ಬಿಸಿನೀರು ಸುರಿದು ಕೈ ತೊಳೆಸಿದ ಮೇಲೆ, ಆಕೆಯ ತಾಯಿ ಹಿಟ್ಟು ಬೇಯಿಸಿ ಮಾಡುವ ಕಂದು ಬಣ್ಣದ ‘ಉಗಾಲಿ’ಯನ್ನು ಸೊಪ್ಪಿನ ಪಲ್ಯದೊಂದಿಗೆ ಮುಂದಿಟ್ಟರು. ಮುರಿದು ನೋಡಿದರೆ ನಮ್ಮ ರಾಗಿ ಮುದ್ದೆಯೇ! ಅಲ್ಲಿನವರು ‘ವಿಂಬಿ’ ಎನ್ನುವ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡೇ ತಾನೆ. ನಾನು ಅಗಿಯದೆ ನುಂಗಿದ್ದನ್ನು ಕಂಡು ಮಕ್ಕಳು ಬಿದ್ದು ಬಿದ್ದು ನಕ್ಕರು. ದೀರ್ಘಕಾಲ ತಂಗುವವರು ಇಂಥ ಆದರವನ್ನು ಬಿಟ್ಟಿ ವಸತಿಯೆಂದು ಭಾವಿಸದೆ, ಸಕ್ಕರೆ, ಚಹಾಪುಡಿ, ಸೌದೆಯ ಖರ್ಚಿನಲ್ಲಿ ತಮ್ಮ ಪಾಲನ್ನು ಮೊದಲ ವಾರವೇ ಕೇಳಿ ಕೊಡಬೇಕು. ತಮ್ಮ ಪ್ರವಾಸ ಪುಟದಲ್ಲಿ ಅಂಥ ಮನೆಗಳಿಗೂ ಜಾಗ ಸಿಗಲಿ.

— ಒಬ್ಬ ಓದುಗ, ತುಮಕೂರು