ಸುಮಾಳ ನಾಟಕದ ವಿಷಯವಾಗಿ ಅಪ್ಪನಿಗೆ

ಕ್ರಾಯ್ಡನ್, ಲಂಡನ್, ಭಾನುವಾರ

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ಅಲ್ಲಿಯ ಕ್ಷೇಮಕ್ಕೆ ಬರೆಯುತ್ತಿರಿ.

ಸುಮಾ ಬಿ.ಎಡ್. ಬಿಟ್ಟು ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರಕ್ಕೆ ಅರ್ಜಿ ಹಾಕಿದ್ದಾಳೆಂದು ನಿಮ್ಮ ಪತ್ರದಲ್ಲಿ ಓದಿ ನನಗೂ ಮೊದಲು ದಿಗಿಲಾಯಿತು. "ನಾಟಕದ ಹುಡುಗಿಗೆ ನಾಳೆ ಗಂಡು ಎಲ್ಲಿಂದ ಹುಡುಕಲಿ" ಎಂಬ ನಿಮ್ಮ ಮಾತು ರಾತ್ರಿಯೆಲ್ಲ ಕಾಡಿತು. ಅದಕ್ಕೆ ಉತ್ತರವಾಗಿ ಈ ಊರಿನ ಹೆಣ್ಣುಮಗಳೊಬ್ಬರ ವಿಷಯ ಬರೆಯುತ್ತೇನೆ; ದಯವಿಟ್ಟು ಪೂರ್ತಿ ಓದಬೇಕು.

ಇಲ್ಲಿಯ ಫೇರ್‌ಫೀಲ್ಡ್ ಹಾಲ್ಸ್‌ನಲ್ಲಿ ಆಶ್‌ಕ್ರಾಫ್ಟ್ ಹೆಸರಿನ ರಂಗಮಂದಿರವಿದೆ. ಈ ಜನ ಎಂಥ ಚಳಿಯಲ್ಲೂ ನಾಟಕದ ವಿರಾಮದಲ್ಲಿ ಪುಟ್ಟ ಡಬ್ಬಿಯ ಐಸ್‌ಕ್ರೀಮ್ ತಿನ್ನುತ್ತಾರೆ, ಪರದೆ ಎದ್ದೊಡನೆ ಮಾತ್ರ ದೇವಸ್ಥಾನದಲ್ಲಿ ಕುಳಿತಂತೆ ಕೂರುತ್ತಾರೆ. 1962ರಲ್ಲಿ, ಬದುಕಿದ್ದಾಗಲೇ, ಆ ಮಂದಿರಕ್ಕೆ ತಮ್ಮ ಹೆಸರನ್ನು ಪಡೆದವರು ನಟಿ ಪೆಗ್ಗಿ ಆಶ್‌ಕ್ರಾಫ್ಟ್. ಅವರು 1907ರಲ್ಲಿ ಇದೇ ಕ್ರಾಯ್ಡನ್‌ನಲ್ಲಿ ಹುಟ್ಟಿದವರು. ತಂದೆ ಮೊದಲ ಮಹಾಯುದ್ಧದಲ್ಲಿ ಮಡಿದರು. ತಾಯಿಗೆ ಹವ್ಯಾಸಿ ನಾಟಕದ ಒಲವಿದ್ದರೂ, ಮಗಳು ಅದನ್ನೇ ವೃತ್ತಿಯಾಗಿ ಹಿಡಿಯುವುದು ಮನೆಯಲ್ಲಿ ಯಾರಿಗೂ ಒಪ್ಪಿಗೆಯಿರಲಿಲ್ಲ. ಆಕೆ ಹಟ ಬಿಡದೆ 16ನೇ ವಯಸ್ಸಿಗೆ ಲಂಡನ್ನಿನ ಸೆಂಟ್ರಲ್ ಸ್ಕೂಲ್ ಎಂಬ ನಾಟಕಶಾಲೆ ಸೇರಿ 1926ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ರಂಗವೇರಿದರು. ಅದೇ ವರ್ಷ ತಾಯಿಯೂ ತೀರಿಕೊಂಡರು. ಮಗಳ ಹೆಸರು ಬೆಳೆದದ್ದನ್ನು ಹೆತ್ತವರಿಬ್ಬರೂ ಕಾಣಲಿಲ್ಲ. ಈ ಮಾತು ಬರೆಯುವಾಗ ನನ್ನ ಕೈ ಒಂದು ಕ್ಷಣ ನಿಂತಿತು, ಅಪ್ಪ.

ಜನರ ಮಾತಿಗೆ ಅಂಜಬೇಕೆಂದು ನೀವು ಬರೆದಿದ್ದೀರಿ. 1930ರಲ್ಲಿ ಆಕೆ ಶೇಕ್ಸ್‌ಪಿಯರ್‌ನ ನಾಟಕದಲ್ಲಿ ಕಪ್ಪುವರ್ಣೀಯ ನಟ ಪಾಲ್ ರಾಬ್ಸನ್ ಅವರ ಒಥೆಲೊಗೆ ಡೆಸ್ಡಿಮೋನಾ ಆದಾಗ, ಬಿಳಿಯ ಹೆಣ್ಣು ಕರಿಯನ ಹೆಂಡತಿಯಾಗಿ ನಟಿಸುವುದೇ ಎಂದು ಮೂಗು ಮುರಿದವರಿದ್ದರು. 22ರ ಆ ಹುಡುಗಿ ಹಿಂದೆ ಸರಿಯಲಿಲ್ಲ. ಐದು ವರ್ಷಗಳ ನಂತರ ಹೆಸರಾಂತ ನಟರಾದ ಗೀಲ್ಗುಡ್ ಮತ್ತು ಒಲಿವಿಯರ್ ಸರದಿಯಂತೆ ರೋಮಿಯೋ ಆದ ಪ್ರಯೋಗದಲ್ಲಿ ಜೂಲಿಯೆಟ್ ಆಕೆಯೇ. ಸರ್ಕಾರ 1956ರಲ್ಲಿ ಡೇಮ್ ಗೌರವ (ಗಂಡಸರಿಗೆ 'ಸರ್' ಪದವಿಯಿದ್ದಂತೆ) ಕೊಟ್ಟಿತು. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1963ರ ಪಾತ್ರ: ಶೇಕ್ಸ್‌ಪಿಯರ್‌ನ ಚರಿತ್ರೆ ನಾಟಕಗಳನ್ನು ಜೋಡಿಸಿ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಆಡಿದಾಗ, 55 ದಾಟಿದ ಆಕೆ ಮಾರ್ಗರೆಟ್ ರಾಣಿಯಾಗಿ, ಹರೆಯದ ವಧುವಿನಿಂದ ಶಾಪ ಹಾಕುವ ಮುದುಕಿಯವರೆಗೆ ಒಂದು ಇಡೀ ಆಯುಷ್ಯವನ್ನು ಪ್ರೇಕ್ಷಕರ ಕಣ್ಣೆದುರೇ ಬಾಳಿ ತೋರಿಸಿದರು.

ಸಾವನದುರ್ಗದಲ್ಲಿ ಇಂಗ್ಲಿಷಿನವರ ಶೂಟಿಂಗ್ ನೋಡಲು ಸೈಕಲ್ ತುಳಿದು ಹೋಗಿದ್ದೆನೆಂದು ನೀವೇ ಹೇಳುತ್ತಿದ್ದಿರಲ್ಲ, ಅದು ನಿರ್ದೇಶಕ ಡೇವಿಡ್ ಲೀನ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರ. ಅದರಲ್ಲಿ ಮಿಸೆಸ್ ಮೂರ್ ಆದ ವೃದ್ಧೆ ಇವರೇ. ಆ ಪಾತ್ರಕ್ಕೆ 1985ರಲ್ಲಿ, 77ನೇ ವಯಸ್ಸಿನಲ್ಲಿ, ಆಸ್ಕರ್ ಬಂದಿತು.

ಮದುವೆಯ ಮಾತನ್ನು ಮುಚ್ಚಿಟ್ಟರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ಆಕೆಯ ಮೂರು ಮದುವೆಗಳೂ ವಿಚ್ಛೇದನದಲ್ಲಿ ಮುಗಿದವು. ಆದರೆ ವಕೀಲರಾಗಿದ್ದ ಮೂರನೆಯ ಗಂಡನೊಡನೆ ಸುಮಾರು 25 ವರ್ಷ ಸಂಸಾರ ನಡೆಸಿ, ಇಬ್ಬರು ಮಕ್ಕಳನ್ನು ಬೆಳೆಸುತ್ತಲೇ ರಂಗದ ಮೇಲಿದ್ದರು. ಸಂಸಾರ ಮುರಿಯುವುದಕ್ಕೆ ನಾಟಕವೇ ಬೇಕಿಲ್ಲ; ನಮ್ಮ ನಂಟರಲ್ಲೇ ನೋಡಿದ್ದೇವೆ.

ಸುಮಾಳನ್ನು ಕಳುಹಿಸಿಕೊಡಿ. ಖರ್ಚೆಲ್ಲ ನನ್ನದು. ಗಂಡು ಹುಡುಕುವ ಹೊಣೆಯೂ ನನ್ನದೇ. ನೀವು ಚಿಂತೆ ಮಾಡಬೇಡಿ, ಖಂಡಿತ ಮಾಡಬೇಡಿ. ನನಗಿಲ್ಲಿ ಯಾವ ತೊಂದರೆಯೂ ಇಲ್ಲ, ಕೆಲಸ ಭದ್ರವಾಗಿದೆ, ಆರೋಗ್ಯ ಚೆನ್ನಾಗಿದೆ. ಅವಳ ಮೊದಲ ನಾಟಕದ ದಿನ ನೀವು ಮತ್ತು ಅಮ್ಮ ಮುಂದಿನ ಸಾಲಿನಲ್ಲಿ ಕೂರಬೇಕು, ಇಷ್ಟೇ ನನ್ನ ಬೇಡಿಕೆ.

ಬಸ್ಸಿಗೆ ಹೊತ್ತಾಯಿತು. ಅಮ್ಮನಿಗೆ ನಮಸ್ಕಾರ, ಬಿ.ಪಿ. ಮಾತ್ರೆ ತಪ್ಪಿಸದಿರಲು ಹೇಳಿ.

ಇಂತಿ ನಿಮ್ಮ ಮಗ,
ರವಿ