ಹೊಸ ತಂಡ ವಹಿಸಿಕೊಳ್ಳುವ ಮಗಳಿಗೆ

ಪ್ರೀತಿಯ ಮಗಳೇ,

ಸೋಮವಾರದಿಂದ ಕುದುರೆ ಸವಾರಿ ಕಲಿಯಲು ಹೊಸದಾಗಿ ಸೇರುವ ಮಕ್ಕಳ ತಂಡವನ್ನು ನಿನಗೊಬ್ಬಳಿಗೇ ವಹಿಸುತ್ತಾರಂತೆ, ಅವ್ವ ಹೇಳಿದಳು. ಕಳೆದ ವಾರ ಇಲ್ಲಿ ಮಕ್ಕಳ ಷೂ ವಿಷಯಕ್ಕೆ ನಡೆದ ಮಾತನ್ನು ಮತ್ತೆ ಎತ್ತುವುದಿಲ್ಲ. ನೀನು ಹೇಳಿದ್ದು ನನಗೆ ನೆನಪಿದೆ, ನಾನು ಹೇಳಿದ್ದು ನಿನಗೆ ಇನ್ನೂ ಚೆನ್ನಾಗಿ ನೆನಪಿರುತ್ತದೆ. ಮಕ್ಕಳ ತಂದೆತಾಯಿಯರ ಎದುರು ನಿನ್ನ ಮೇಲೆ ಧ್ವನಿ ಏರಿಸಬಾರದಿತ್ತು, ಅದಕ್ಕೆ ಬೇಸರವಿದೆ. ಹೇಳಿದ ವಿಷಯದ ಬಗ್ಗೆ ಮಾತ್ರ ಬೇಸರವಿಲ್ಲ.

'ಅಪ್ಪಾ, ನಿಮ್ಮದು ಪೊಲೀಸ್ ಪಾಠ' ಎಂದೆ. ಇರಬಹುದು. ಆದರೆ ಪೊಲೀಸ್ ಆಗುವ ಮೊದಲೇ ನಾನು ಕುದುರೆಯನ್ನು ಅರಿತದ್ದು ದಾವಣಗೆರೆಯಲ್ಲಿ, ನಿನ್ನ ಮುತ್ತಜ್ಜನ ಜಟಕಾ ಗಾಡಿಯಲ್ಲಿ. ರೈಲು ನಿಲ್ದಾಣದಿಂದ ಚೌಕಿಪೇಟೆಗೆ ಹೋಗುವಾಗ ಅಜ್ಜನ ಕಣ್ಣು ದಾರಿಯ ಮೇಲಿದ್ದರೆ ಕಿವಿ ಲಾಳದ ಮೇಲಿರುತ್ತಿತ್ತು. ಸದ್ದಿನಲ್ಲಿ ಒಂದು ಪೆಟ್ಟು ಮೆತ್ತಗಾಯಿತೋ, ಇಳಿದು ಗೊರಸು ಎತ್ತಿ ನೋಡುವನು. ಹಿಂದೆ ಕೂತ ಸಾಹುಕಾರರು ಗೊಣಗುತ್ತಲೇ ಇರಬೇಕು.

ಮೈಸೂರಿನ ಅಶ್ವಾರೋಹಿ ದಳ ಸೇರಿದಾಗ ನಮ್ಮ ಉಸ್ತಾದರು, 1918ರಲ್ಲಿ ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲಾನ್ಸರ್ಸ್‌ನವರು ಜೋಧಪುರದವರ ಜೊತೆಗೂಡಿ ಈಗಿನ ಇಸ್ರೇಲಿನ ಹೈಫಾ ಗೆದ್ದ ಕಥೆಯಿಂದ ಪಾಠ ಶುರುಮಾಡಿದರು. ಮೈ ಜುಮ್ಮೆಂದಿತ್ತು. ಕಥೆ ಮುಗಿದ ಮೇಲೆ ಈಟಿ ಕೊಡುತ್ತಾರೆಂದುಕೊಂಡರೆ ಲದ್ದಿ ಬಾಚುವ ಸಲಿಕೆ ಕೊಟ್ಟರು. ಆಮೇಲೆ ಉದ್ದ ಹಗ್ಗದ ತುದಿಯಲ್ಲಿ ಸುತ್ತು ಹಾಕುವ ಕುದುರೆಯ ಮೇಲೆ, ಲಗಾಮೂ ಇಲ್ಲ, ಪಾದ ಇಡುವ ರಿಕಾಪೂ ಇಲ್ಲ, ತೊಡೆ ಸುಲಿಯುವವರೆಗೆ ಕೂರಿಸಿದರು. ದಸರೆಯಲ್ಲಿ ಬನ್ನಿಮಂಟಪದ ಪಂಜಿನ ಕವಾಯತು ನೋಡಿದ್ದೀಯಲ್ಲ. ನಾಗಾಲೋಟದಲ್ಲಿ ಬಂದು ಈಟಿಯಿಂದ ಗೂಟ ಕೀಳುವ ಸವಾರನಿಗೆ ಲಗಾಮಿಗೆಂದು ಉಳಿಯುವುದು ಒಂದೇ ಕೈ. ಕೂರುವ ಹದ ಗೊತ್ತಿರದಿದ್ದರೆ ಈಟಿಯ ಜೊತೆ ಅವನೂ ನೆಲಕ್ಕೆ.

ಹಾಗಾಗಿ ಮಕ್ಕಳ ಕೈಗೆ ಲಗಾಮನ್ನು ತಡವಾಗಿ ಕೊಡು. ಹೆದರಿದ ಮಗು ಕೈಗೆ ಸಿಕ್ಕಿದ್ದನ್ನು ಎಳೆಯುತ್ತದೆ, ಆ ಎಳೆತ ಹೋಗಿ ನಿಲ್ಲುವುದು ಕುದುರೆಯ ಬಾಯಲ್ಲಿ. ಕುದುರೆಯ ಕುತ್ತಿಗೆಗೊಂದು ಪಟ್ಟಿ ಕಟ್ಟು, ಅದನ್ನು ಹಿಡಿಯಲಿ. ಹೊರಡಿಸುವುದಕ್ಕಿಂತ ಮೊದಲು ನಿಲ್ಲಿಸುವುದನ್ನು ಹೇಳಿಕೊಡು. ಕುದುರೆ ಕಂಡರೆ ಕಾಲುನೋವು ಎಂಬಂತೆ ಸಿದ್ಧವಾದ ಜೀನಿಗೆ ಕಾಯುವ ಮಕ್ಕಳ ಕೈಗೆ ಬ್ರಷ್ ಕೊಡು. ಕುದುರೆಯ ಬಾಲದ ನೇರ ಹಿಂದೆಯೂ ಮೂಗಿನ ನೇರ ಮುಂದೆಯೂ ಅದಕ್ಕೆ ಏನೂ ಕಾಣದು, ಮಾತನಾಡಿಸುತ್ತ ಭುಜದ ಕಡೆಯಿಂದ ಬರಲಿ. ಬೆಂಗಳೂರಿನ ಫವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೇಲಿ ಹಾರಿದ್ದನ್ನು ತೋರಿಸಿ ಮಕ್ಕಳನ್ನು ಹುರಿದುಂಬಿಸುತ್ತೀಯಂತೆ. ತೋರಿಸು. ಅವನ ಸ್ಪರ್ಧೆಯಾದ ಇವೆಂಟಿಂಗ್‌ನಲ್ಲಿ ಹಾರುವುದಕ್ಕೂ ಮೊದಲು ಡ್ರೆಸಾಜ್ ಇದೆ, ಸವಾರನ ಸನ್ನೆಗೆ ಕುದುರೆ ಹದವಾಗಿ ಹೆಜ್ಜೆ ಹಾಕುವುದು, ಆ ಭಾಗವನ್ನೂ ಬಿಡದೆ ತೋರಿಸು. ನೋಡು, ಎರಡೇ ಮಾತು ಬರೆಯುತ್ತೇನೆಂದು ಕೂತವನು ಪಾಠಕ್ಕಿಳಿದೆ.

ನಿಜವಾಗಿ ಹೇಳಬೇಕಿದ್ದದ್ದು ಕಾಲಿನ ವಿಷಯ. ನೀನಿನ್ನೂ ಅವ್ವನ ಸೊಂಟದ ಮೇಲಿದ್ದೆ. ಚಿತ್ರದುರ್ಗದ ಹತ್ತಿರದ ಹಳ್ಳಿಯೊಂದರಲ್ಲಿ ಮದುವೆ, ನಾವು ನೆಂಟರು. ಮದುಮಗನ ಮೆರವಣಿಗೆಗೆ ಬಾಡಿಗೆಯ ಬಿಳಿ ಕುದುರೆ ತಂದಿದ್ದರು. ಹುಡುಗನ ಕಾಲಲ್ಲಿ ಹಿಮ್ಮಡಿಯಿಲ್ಲದ ಜರಿಯ ಮೋಜಡಿ. ನಾನು ಅದನ್ನು ನೋಡಿದೆ. ರಿಕಾಪಿನ ಪಟ್ಟಿಯನ್ನು ಜೀನಿಗೆ ತಂತಿಯಿಂದ ಬಿಗಿದಿದ್ದರು, ಅದನ್ನೂ ನೋಡಿದೆ. ಬ್ಯಾಂಡಿನವರು ಶುರುಮಾಡಿದರು, ಯಾರೋ ಸರಪಟಾಕಿ ಹಚ್ಚಿದರು. ಕುದುರೆ ಪಕ್ಕಕ್ಕೆ ಜಿಗಿಯಿತು, ಹುಡುಗ ಬಿದ್ದ, ಪಾದ ಮಾತ್ರ ಕಣಕಾಲಿನವರೆಗೆ ರಿಕಾಪಿನೊಳಗೆ ಹೊಕ್ಕಿತ್ತು. ಹಿಮ್ಮಡಿ ಇದ್ದಿದ್ದರೆ ಹೊಗುತ್ತಿರಲಿಲ್ಲ. ತಂತಿ ಇರದಿದ್ದರೆ ಪಟ್ಟಿ ಜಾರಿ ಕಳಚಿಕೊಳ್ಳುತ್ತಿತ್ತು. ಪೇಟ ಎಲ್ಲೋ ಉದುರಿ, ತಲೆ ಕಲ್ಲಿನಿಂದ ಕಲ್ಲಿಗೆ ಬಡಿಯುತ್ತ ಹೋಯಿತು. ನಮ್ಮ ಸೀಮೆಯ ದಾರಿ ಎಂಥದೆಂದು ನಿನಗೆ ಗೊತ್ತು. ಓಡಿ ಹಿಡಿಯಲು ಹೋದವರನ್ನೆಲ್ಲ ನಾನೇ ತಡೆದೆ, ಹಿಂದಿನಿಂದ ಓಡಿದಷ್ಟೂ ಕುದುರೆ ಓಡುತ್ತದೆ. ಆಗ ಅವನ ತಾಯಿ ನನ್ನನ್ನು ನೋಡಿದ ನೋಟ! ಹುಣಸೆ ಮರದ ಬಳಿ ಕುದುರೆ ತಾನಾಗಿ ನಿಂತಿತು. ಹುಡುಗ ಉಳಿದ, ಮುಹೂರ್ತ ಮೀರಿದ ಮೇಲೆ ತಾಳಿ ಕಟ್ಟಿದ, ಈಗ ಅವನಿಗೂ ಮಕ್ಕಳಿದ್ದಾರೆ. ಆದರೂ ಮಕ್ಕಳು ಕ್ಯಾನ್ವಾಸ್ ಷೂ ಹಾಕಿಕೊಂಡು ಬಂದರೆ ನನ್ನ ಕಣ್ಣಿಗೆ ಕಾಣುವುದು ಆ ಮೋಜಡಿಯೇ. ಅವತ್ತು ನೀನು 'ಇವತ್ತೊಂದು ದಿನ ಇರಲಿ ಬಿಡಿ' ಎಂದೆ ನೋಡು, ನನ್ನ ಧ್ವನಿ ಏರಿದ್ದು ಅದಕ್ಕೆ.

ನಿಮ್ಮಲ್ಲಿ, ಬಿದ್ದರೆ ಕಳಚಿಕೊಂಡು ಪಾದ ಬಿಡುವ ರಬ್ಬರ್ ಪಟ್ಟಿಯ ಸುರಕ್ಷಾ ರಿಕಾಪು ಇದೆ ಎಂದಿದ್ದೆ. ಒಳ್ಳೆಯದು, ರಬ್ಬರ್ ಒಣಗಿ ಬಿರಿದಿದೆಯೇ ಎಂದು ದಿನವೂ ನೋಡು. ರಿಕಾಪಿನೊಳಗೆ ಬೂಟಿನ ಎರಡೂ ಪಕ್ಕ ಒಂದೊಂದು ಬೆರಳಿನ ಜಾಗವಿರಲಿ. ರಿಕಾಪಿನ ಪಟ್ಟಿ ಸಿಕ್ಕಿಸುವ ಜೀನಿನ ಕೊಂಡಿಯ ಬಾಯನ್ನು ಯಾರೂ ಮುಚ್ಚದಿರಲಿ. ಹೆಲ್ಮೆಟ್ ಬಗ್ಗೆ ನಿನಗೆ ಹೇಳಬೇಕಿಲ್ಲ.

ಇಲ್ಲಿ ಆಷಾಢದ ಗಾಳಿ ಜೋರಾಗಿದೆ. ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಬೀಸಿದಾಗಲೆಲ್ಲ ನಮ್ಮ ಕುದುರೆ ಕೆಂದಿ ಕಿವಿ ನಿಮಿರಿಸಿ ಬೆಚ್ಚುತ್ತಾಳೆ. ನಿನ್ನ ಕೈಯಲ್ಲಿ ಅಷ್ಟು ಬೆಚ್ಚುತ್ತಿರಲಿಲ್ಲ. ನಿನ್ನಷ್ಟು ಹಗುರವಾದ ಕೈ ನನಗೆ ಯಾವತ್ತೂ ಬರಲಿಲ್ಲ, ಉಸ್ತಾದರು ಇದ್ದಿದ್ದರೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ. ಇದನ್ನು ಎದುರಿಗೆ ಹೇಳಲು ಆಗುವುದಿಲ್ಲ, ಬರೆದಿದ್ದೇನೆ.

ನಿಮ್ಮ ಬೂದು ಕುದುರೆ ಟ್ರಾಟ್‌ನಲ್ಲಿ, ಅಂದರೆ ಕುಕ್ಕುಲೋಟದಲ್ಲಿ, ತಲೆ ಎತ್ತುತ್ತದೆ, ಬೇರೆ ಕಡಿವಾಣ ಹಾಕುತ್ತಾರೆ ಎಂದಿದ್ದೆ. ಅವಸರ ಬೇಡ. ಗಟ್ಟಿ ನೆಲದ ಮೇಲೆ ಯಾರಿಂದಲಾದರೂ ಓಡಿಸಿ, ಕಣ್ಣು ಮುಚ್ಚಿ ಸದ್ದು ಕೇಳು. ಪೆಟ್ಟು ಏರುಪೇರಾದರೆ ನೋವಿರುವುದು ಕಾಲಿನಲ್ಲಿ. ನೋಯುವ ಮುಂಗಾಲು ನೆಲಕ್ಕೆ ತಾಗಿದಾಗ ತಲೆ ಮೇಲೇಳುತ್ತದೆ. ಸದ್ದು ಸಮವಾಗಿದ್ದರೆ ಪಶುವೈದ್ಯರಿಗೆ ಹಲ್ಲು ತೋರಿಸು, ಅಂಚು ಚೂಪಾಗಿರಬಹುದು. ಅದು ಗೊತ್ತಾಗುವವರೆಗೆ ಆ ಕುದುರೆಯ ಮೇಲೆ ಮಕ್ಕಳನ್ನು ಹತ್ತಿಸಬೇಡ.

ಇಂತಿ,
ನಿನ್ನ ಅಪ್ಪ