ನಂದಿಗೆ ರೈಲಲ್ಲೇ ಹೋಗೋಣ ಬಾ

ಯಲಹಂಕ, ಬೆಂಗಳೂರು

ಪ್ರೀತಿಯ ಮಂಜ,

ರಜೆಗೆ ಅಮ್ಮ, ಮಕ್ಕಳು ಎಲ್ಲರನ್ನೂ ಕರೆದುಕೊಂಡು ಬರುತ್ತಿದ್ದೀಯ ಅಂತ ತಿಳಿದು ಖುಷಿಯಾಯಿತು. ನಂದಿ ಕಡೆ ಹೋಗೋಕೆ ಕಾರು ಬುಕ್ ಮಾಡಲಾ ಅಂತ ಕೇಳಿದ್ದೀಯ. ಬೇಡ ಕಣೋ. ಯಲಹಂಕದಲ್ಲಿ ರೈಲು ಹತ್ತೋಣ. ಬೆಟ್ಟಹಲಸೂರು, ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ವೆಂಕಟಗಿರಿಕೋಟೆ, ಆಮೇಲೆ ನಂದಿ ಹಾಲ್ಟ್. ಅದರಾಚೆ ಚಿಕ್ಕಬಳ್ಳಾಪುರ.

ನಂದಿ ಹಾಲ್ಟಿನ ಕಟ್ಟಡವನ್ನು ನೀನು ನೋಡಲೇಬೇಕು. ಕಲ್ಲಿನ ಗೋಡೆ, ಮೇಲೆ ಮಂಗಳೂರು ಹೆಂಚು. ನೂರು ವರ್ಷ ದಾಟಿದೆ. 1915ರ ಹೊತ್ತಿಗೆ, ಮೈಸೂರು ಸಂಸ್ಥಾನದ ಕಾಲದಲ್ಲಿ ಹಾಕಿದ ಲೈನು ಇದು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯ. ಅವರ ಮುದ್ದೇನಹಳ್ಳಿ ಇರೋದೂ ನಂದಿ ಬೆಟ್ಟದ ಹತ್ತಿರವೇ. ತಮ್ಮೂರ ಕಡೆಗೆ ರೈಲು ತಂದುಕೊಂಡರು ಅಂತ ಆಗಲೂ ಯಾರಾದರೂ ಆಡಿಕೊಂಡಿರುತ್ತಾರೆ ಬಿಡು, ನಮ್ಮ ಜನ ಅಲ್ವಾ!

ಆಗ ಹಳಿಯಿಂದ ಹಳಿಗೆ ಎರಡೂವರೆ ಅಡಿ ಅಷ್ಟೇ. ನ್ಯಾರೋ ಗೇಜ್. ಈಗಿನ ಬ್ರಾಡ್ ಗೇಜ್ ಐದೂವರೆ ಅಡಿ. ಸಣ್ಣ ಲೈನು ಹಾಕಿದರೆ ಖರ್ಚು ಕಮ್ಮಿ. ಸೇತುವೆ ಚಿಕ್ಕದು, ಎಂಜಿನ್ ಹಗುರ, ತಿರುವಿಗೆ ಜಾಸ್ತಿ ಜಾಗ ಬೇಡ. ಆದರೆ ದೊಡ್ಡ ಲೈನಿನ ಡಬ್ಬಿ ಇದರ ಮೇಲೆ ಓಡಲ್ಲ. ಚಿಕ್ಕಬಳ್ಳಾಪುರ, ಕೋಲಾರ ಸುತ್ತಿ ಬಂಗಾರಪೇಟೆಗೆ ಹೋದ ಮೂಟೆಯನ್ನು ಅಲ್ಲಿ ಇಳಿಸಿ ಇನ್ನೊಂದು ಗಾಡಿಗೆ ತುಂಬಬೇಕಿತ್ತು. ಚಿಕ್ಕಬಳ್ಳಾಪುರ–ಕೋಲಾರದ ನಡುವೆ ಬ್ರಾಡ್ ಗೇಜ್ ರೈಲು ಓಡಿದ್ದು 2013ರಲ್ಲಿ.

ಹಾಲ್ಟ್ ಅಂದರೆ ರೈಲು ನಿಲ್ಲುತ್ತದೆ, ಜನ ಹತ್ತಿ ಇಳಿಯುತ್ತಾರೆ, ಅಷ್ಟೇ. ಎದುರಿಂದ ಬರೋ ರೈಲಿಗೆ ದಾರಿ ಬಿಡೋ ಕ್ರಾಸಿಂಗ್ ಇಲ್ಲ, ಸ್ಟೇಷನ್ ಮಾಸ್ಟರ್ ಇಲ್ಲ. ಇಂಥ ಎಷ್ಟೋ ಕಡೆ ಟಿಕೆಟ್ ಕೊಡೋನು ರೈಲ್ವೆ ನೌಕರನೂ ಅಲ್ಲ, ಕಮಿಷನ್ ಏಜೆಂಟ್. ಹತ್ತಿರದ ದೊಡ್ಡ ಸ್ಟೇಷನ್ನಿನಿಂದ ಟಿಕೆಟ್ ತಂದಿಟ್ಟುಕೊಂಡು, ರೈಲು ಬರೋ ಹೊತ್ತಿಗೆ ಕಿಟಕಿ ತೆಗೆದು ಮಾರುತ್ತಾನೆ. ಮಾರಿದಷ್ಟಕ್ಕೆ ಅವನಿಗೆ ಕಾಸು. ಆ ರಟ್ಟಿನ ಟಿಕೆಟ್ ನೆನಪಿದೆಯಾ? ಎರಡು ಬೆರಳಗಲ ಇರುತ್ತಿತ್ತು. ಕೌಂಟರಿನಲ್ಲಿ ಅದರ ತುದಿಯನ್ನು ಮಿಷನ್ನಿಗೆ ತೂರಿಸಿದರೆ ಠಕ್ ಅಂತ ತಾರೀಖು ಬೀಳುತ್ತಿತ್ತು. ಇಳಿದ ಮೇಲೆ ಗೇಟಿನಲ್ಲಿ ಅದನ್ನು ವಾಪಸ್ ಕೊಡೋಕೆ ಮನಸ್ಸೇ ಬರುತ್ತಿರಲಿಲ್ಲ. ಈಗ ಮೊಬೈಲಲ್ಲೇ ಟಿಕೆಟ್ ಬರುತ್ತದೆ, ನಿನ್ನ ಮಕ್ಕಳಿಗೆ ತೋರಿಸೋಣ ಅಂದರೂ ರಟ್ಟು ಸಿಗಲ್ಲ.

ಈ ಲೈನಿನ ಹಳೇ ಕಟ್ಟಡಗಳು ಬಹಳ ಕಾಲ ಪಾಳು ಬಿದ್ದಿದ್ದವು. ಪಾರಂಪರಿಕ ಕಟ್ಟಡಗಳನ್ನು ಕಾಪಾಡೋ ಇಂಟ್ಯಾಕ್ ಸಂಸ್ಥೆಯವರು ರೈಲ್ವೆ ಜೊತೆ ಸೇರಿ ನಂದಿ ಹಾಲ್ಟನ್ನು ಮತ್ತೆ ಚೆಂದ ಮಾಡಿದರು. ಸಂತೋಷವೇ. ಆದರೆ ನನ್ನದೊಂದು ತಕರಾರು ಇದೆ. ಗೋಡೆ ರಿಪೇರಿಯಾದ ಮೇಲೆ ಫೋಟೋ ತೆಗೆಯೋರು ಬರುತ್ತಾರೆ, ದಿನಾ ಓಡಾಡೋರು ಬರಬೇಕಾದರೆ ರೈಲಿನ ಟೈಮು ಸರಿಯಿರಬೇಕು. ಕಾಲೇಜಿಗೆ ಹೋಗೋ ಹುಡುಗಿಗೆ, ಹೂವಿನ ಬುಟ್ಟಿ ಹೊತ್ತು ಹೊರಟವಳಿಗೆ ಒಂದು ರೈಲು ತಪ್ಪಿದರೆ ಇನ್ನೊಂದಕ್ಕೆ ಗಂಟೆಗಟ್ಟಲೆ ಕಾಯೋಕೆ ಆಗುತ್ತಾ? ಬಸ್ಸು ಹತ್ತುತ್ತಾರೆ. ಆಮೇಲೆ ‘ಜನವೇ ಇಲ್ಲ, ಸುಮ್ನೆ ಯಾಕೆ ನಿಲ್ಲಿಸಬೇಕು’ ಅನ್ನೋ ಮಾತು ಶುರುವಾಗುತ್ತದೆ. ಏರ್‌ಪೋರ್ಟ್ ಪಕ್ಕ ಹೊಸ ಹಾಲ್ಟ್ ಮಾಡಿ 2021ರ ಜನವರಿಯಿಂದ ರೈಲು ನಿಲ್ಲಿಸುತ್ತಿದ್ದಾರೆ. ಟರ್ಮಿನಲ್‌ಗೆ ಬಸ್ಸೂ ಉಂಟು. ಅಲ್ಲಿಯೂ ಇದೇ ಮಾತು. ವಿಮಾನ ಇಳಿದವನು ಹೊರಗೆ ಬರೋ ಹೊತ್ತಿಗೆ ರೈಲಿರದಿದ್ದರೆ ಅವನು ಟ್ಯಾಕ್ಸಿಯನ್ನೇ ಹುಡುಕುತ್ತಾನೆ.

ಅದಿರಲಿ. ಹಾಲ್ಟ್ ಇರೋದು ಬೆಟ್ಟದ ಬುಡದ ಕಡೆ. ಮೇಲೆ ಹೋಗಬೇಕಾದರೆ ಬೇರೆ ಗಾಡಿ ನೋಡಬೇಕು. ನನ್ನ ಮಾತು ಕೇಳು, ಬೆಟ್ಟ ಬಿಟ್ಟುಬಿಡು. ನಂದಿ ಊರಿನ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗೋಣ. ಕಲ್ಯಾಣಿಯ ಹತ್ತಿರ ಅಮ್ಮ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಬುತ್ತಿ ನಮ್ಮನೆಯಿಂದ, ಚಿತ್ರಾನ್ನ ಮೊಸರನ್ನ.

ಎಲ್ಲ ರೈಲೂ ವಾರಪೂರ್ತಿ ಓಡಲ್ಲ, ಅದಕ್ಕೇ ಬರೋ ತಾರೀಖನ್ನು ಮೊದಲೇ ತಿಳಿಸು. ಅಮ್ಮನ ಮಂಡಿನೋವು ಈಗ ಹೇಗಿದೆ ಅಂತಲೂ ಬರಿ. ಡಬ್ಬಿಯ ಮೆಟ್ಟಿಲು ಎತ್ತರ, ಹತ್ತಿಸೋಕೆ ಇಬ್ಬರು ಬೇಕಾಗಬಹುದು.

ನಿನ್ನ,
ಸೀನ